ಪದಚರ್ಚೆ: ಅಂಬಲಿಮೀನು ಕಡಲಿಗೆ ‘ಹೊಂದಿಕೊಂಡಿತು’ ಎಂದರೆ ಏನರ್ಥ?

ಪ್ರಶ್ನೆ

ನಮಸ್ಕಾರ. ಹೈಸ್ಕೂಲು ಮಕ್ಕಳಿಗೆಂದು ಸಿದ್ಧವಾಗುತ್ತಿರುವ ವಿಜ್ಞಾನ ಬರಹವೊಂದರ ಈ ಭಾಗದಲ್ಲಿ ಪದಗಳ ತೊಡಕು ಎದುರಾಗಿದೆ:

> ಅಂಬಲಿಮೀನುಗಳು 500 ಮಿಲಿಯ ವರ್ಷಗಳಿಂದ ಬದಲಾಗದೆ ಉಳಿದಿರುವ ಆದಿಮ ಜೀವಿಗಳು. ಸಮುದ್ರದ ಪರಿಸರಕ್ಕೆ ಹೊಂದಿಕೊಳ್ಳುವ ಸಲುವಾಗಿ ಅವು ಪಾರದರ್ಶಕ ಮೈಯನ್ನೂ ಕುಟುಕುಕಣಗಳನ್ನೂ ಬೆಳೆಸಿಕೊಂಡವು. ಆಹಾರ ಸಿಗದಿದ್ದಾಗ ಮೈಯನ್ನು ಕುಗ್ಗಿಸಿಕೊಂಡು ಹೊಂದಿಕೊಳ್ಳುತ್ತವೆ. ಇವುಗಳ ಮರಿಗಳು ಬಂಡೆಗೆ ಅಂಟಿಕೊಂಡು ಗಿಡದಂತೆ ಬೆಳೆದು, ಮೊಗ್ಗೊಡೆದು ಹೊಸ ಅಂಬಲಿಮೀನುಗಳನ್ನು ಕೊಡುತ್ತವೆ. ಕೆಲವು ಅಂಬಲಿಮೀನುಗಳು ಅಮರ.

ಕೇಳಬೇಕಾದವು ನಾಲ್ಕು. ‘ಅಂಬಲಿಮೀನು’, ‘ಲೋಳೆಮೀನು’, ‘ಜೆಲ್ಲಿಮೀನು’ ಮೂರೂ ಬಳಕೆಯಲ್ಲಿವೆ; ಮೀನೇ ಅಲ್ಲದ ಪ್ರಾಣಿಗೆ ಯಾವುದನ್ನು ಇಟ್ಟುಕೊಳ್ಳುವುದು? ‘ಹೊಂದಿಕೊಳ್ಳು’ ಎರಡನೆಯ ವಾಕ್ಯದಲ್ಲೂ ಇದೆ, ಮೂರನೆಯದರಲ್ಲೂ ಇದೆ. ಎರಡೂ ಕಡೆ ಅರ್ಥ ಒಂದೇ ಅಲ್ಲ ಅನ್ನಿಸುತ್ತದೆ, ಆ ವ್ಯತ್ಯಾಸವನ್ನು ಯಾವ ಪದದಿಂದ ತೋರಿಸಬೇಕು? ‘ಮೊಗ್ಗೊಡೆದು’ ಇಲ್ಲಿ ಸಲ್ಲುತ್ತದೆಯೇ? ‘ಆದಿಮ’ ಎನ್ನಬಹುದೇ?

ಉತ್ತರ

ಎರಡನೆಯ ಪ್ರಶ್ನೆಯೇ ತಾಯಿಬೇರು. ಅಲ್ಲಿಂದಲೇ ಶುರುಮಾಡುತ್ತೇನೆ.

ಕರಡಿನ ಮೂರನೆಯ ವಾಕ್ಯ ನೋಡಿ. ಔರೇಲಿಯಾ ಎಂಬ ಅಂಬಲಿಮೀನಿಗೆ ಬಹಳ ದಿನ ಆಹಾರ ಸಿಗದಿದ್ದರೆ ಅದು ತನ್ನ ಅಂಗಾಂಶವನ್ನೇ ಕರಗಿಸಿ ಬದುಕುತ್ತದೆ. ಆಕಾರ ಹೆಚ್ಚೇನೂ ಕೆಡದೆ ಮೈ ಚಿಕ್ಕದಾಗುತ್ತ ಬರುತ್ತದೆ. ಆಹಾರ ಸಿಕ್ಕಾಗ ಮತ್ತೆ ಬೆಳೆಯುತ್ತದೆ. ಇದು ಒಂದು ಜೀವಿಯ ಆಯುಸ್ಸಿನೊಳಗೆ ನಡೆಯುವ, ಹಿಂದಕ್ಕೆ ತಿರುಗಬಲ್ಲ ಬದಲಾವಣೆ. ಕುಗ್ಗಿದ ತಾಯಿಗೆ ಕುಗ್ಗಿದ ಸಂತಾನವೇನೂ ಹುಟ್ಟುವುದಿಲ್ಲ. ಇದಕ್ಕೆ ಕನ್ನಡದಲ್ಲಿ ಚೊಕ್ಕವಾದ ಕ್ರಿಯಾಪದ ಮೊದಲಿನಿಂದಲೂ ಇದೆ: ‘ಒಗ್ಗು’. ‘ಅಲ್ಲಿಯ ನೀರು ಒಗ್ಗಲಿಲ್ಲ’, ‘ಚಳಿಗೆ ಮೈ ಒಗ್ಗಿತು’ ಎನ್ನುವಾಗ ನಾವು ಒಂದು ಮೈಯ ಸಂಗತಿಯನ್ನು ಹೇಳುತ್ತೇವೆ, ತಲೆಮಾರುಗಳ ಸಂಗತಿಯನ್ನಲ್ಲ.

ಎರಡನೆಯ ವಾಕ್ಯದ ಪಾರದರ್ಶಕ ಮೈ ಹಾಗಲ್ಲ. ಯಾವ ಒಂದು ಅಂಬಲಿಮೀನೂ ತನ್ನ ಜೀವಮಾನದಲ್ಲಿ ಪಾರದರ್ಶಕವಾಗಲು ಹೊರಡಲಿಲ್ಲ. ಮರೆಯಾಗಲು ಬಂಡೆಯಿಲ್ಲ, ಪೊದೆಯಿಲ್ಲ ಎಂಬಂಥ ಬಟ್ಟಬಯಲಿನ ನೀರಿನಲ್ಲಿ ಕಣ್ಣಿಗೆ ಬೀಳದ ಮೈಯವು ಹೆಚ್ಚು ಉಳಿದವು, ಉಳಿದವುಗಳ ಸಂತಾನ ಹೆಚ್ಚಿತು. ಈ ಅರ್ಥಕ್ಕೆ ಪಠ್ಯಪುಸ್ತಕಗಳಲ್ಲಿ ನೆಲೆನಿಂತಿರುವ ‘ಹೊಂದಾಣಿಕೆ’ಯನ್ನೇ ಮೀಸಲಿಡೋಣ. ಆದರೆ ಅದರ ಕರ್ತೃ ‘ಅಂಬಲಿಮೀನು’ ಆಗಬಾರದು, ‘ಅಂಬಲಿಮೀನಿನ ವಂಶ’ ಆಗಬೇಕು.

ಎರಡೂ ಒಂದೇ ಪ್ರಾಣಿಯಲ್ಲಿ ಕೂಡಿಬರುವುದರಿಂದ ಗೊಂದಲ ಇನ್ನೂ ಹೆಚ್ಚುತ್ತದೆ. ಈ ಸಾಲು ನೆನಪಿಟ್ಟರೆ ಸಾಕು: ಹಸಿವಿನಲ್ಲಿ ಕುಗ್ಗುವುದು ಒಗ್ಗುವಿಕೆ, ಕುಗ್ಗಬಲ್ಲಂಥ ಮೈ ದೊರೆತಿರುವುದು ಹೊಂದಾಣಿಕೆ.

ಮೂರನೆಯದೊಂದು ಖಾನೆಯೂ ಬೇಕು. ಟ್ರೈಪೆಡಾಲಿಯಾ ಸಿಸ್ಟೊಫೊರಾ ಎಂಬ, ಒಂದು ಸೆಂಟಿಮೀಟರಿನಷ್ಟೇ ಇರುವ ಪೆಟ್ಟಿಗೆಯಾಕಾರದ ಅಂಬಲಿಮೀನು ಮ್ಯಾಂಗ್ರೋವ್ ಬೇರುಗಳ ನಡುವೆ ಬದುಕುತ್ತದೆ. ಬೇರಿಗೆ ಡಿಕ್ಕಿ ಹೊಡೆದ ಅನುಭವದಿಂದ ಅದು ಮುಂದಿನ ಸಲ ತಪ್ಪಿಸಿ ಈಜುವುದನ್ನು ಕಲಿಯುತ್ತದೆಂದು 2023ರಲ್ಲಿ ಪ್ರಯೋಗಗಳು ತೋರಿಸಿದವು. ಮಿದುಳಿಲ್ಲದ ಪ್ರಾಣಿ ಎಂಬುದನ್ನು ಗಮನಿಸಿ. ಇದು ಒಗ್ಗುವಿಕೆಯೂ ಅಲ್ಲ, ಹೊಂದಾಣಿಕೆಯೂ ಅಲ್ಲ, ಕಲಿಕೆ. ಕರಡಿನ ಲೇಖಕರು ಮುಂದೆಲ್ಲಾದರೂ ಇದನ್ನು ಸೇರಿಸಿದರೆ ‘ಬೇರುಗಳಿಗೆ ಹೊಂದಿಕೊಂಡಿತು’ ಎಂದು ಬರೆದಾರು, ಆಗ ಮೂರು ಬೇರೆ ವಿಷಯಗಳಿಗೆ ಒಂದೇ ಪದವಾಗುತ್ತದೆ.

ಇನ್ನು ‘ಹೊಂದಿಕೊಳ್ಳುವ ಸಲುವಾಗಿ ಬೆಳೆಸಿಕೊಂಡವು’. ಇದರಲ್ಲಿ ಎರಡು ತಪ್ಪು. ಒಂದು, ‘ಸಲುವಾಗಿ’. ಉದ್ದೇಶ ಹೇಳುವ ‘ಸಲುವಾಗಿ’, ‘ಗೋಸ್ಕರ’, ‘ಅಲೆಂದು’ ಇವು ಬಂದ ಕಡೆಯೆಲ್ಲ ಪ್ರಾಣಿ ಮುಂದಾಲೋಚನೆ ಮಾಡಿದಂತೆ ಆಗುತ್ತದೆ. ವಿಕಾಸದಲ್ಲಿ ಉದ್ದೇಶ ಮೊದಲು ಬರುವುದಿಲ್ಲ. ಫಲ ನಂತರ ಕಾಣುತ್ತದೆ. ಎರಡನೆಯದು ‘ಕೊಳ್ಳು’. ಕನ್ನಡದಲ್ಲಿ ‘ಕೊಳ್ಳು’ ಸೇರಿದರೆ ತನಗಾಗಿ ತಾನೇ ಮಾಡಿದ ಅರ್ಥ ಬರುತ್ತದೆ: ಮಾಡಿದ, ಮಾಡಿಕೊಂಡ, ಬರೆದ, ಬರೆದುಕೊಂಡ. ಹಾಗಾಗಿ ವಿಕಾಸದ ಬರಹದಲ್ಲಿ ‘ಕೊಳ್ಳು’ ಇರುವ ಕ್ರಿಯಾಪದಗಳನ್ನೆಲ್ಲ ಬಿಡುವುದು ಒಳ್ಳೆಯದು.

ಕುಟುಕುಕಣದ ಮಾತಂತೂ ಸಂಗತಿಯಲ್ಲೇ ತಪ್ಪು. ಹವಳ, ಕಡಲ ಹೂ ಎನಿಸಿಕೊಳ್ಳುವ ಅನಿಮೊನಿ, ಸಿಹಿನೀರಿನ ಹೈಡ್ರಾ ಎಲ್ಲದರಲ್ಲೂ ಅದು ಇದೆ. ಇವೆಲ್ಲದರ ಸಮಾನ ಪೂರ್ವಜ ಜೀವಿಯಿಂದಲೇ ಬಂದ ಆಸ್ತಿ ಅದು. ಅಂಬಲಿಮೀನು ಎಂಬ ರೂಪ ಮೂಡುವ ಮೊದಲೇ ಕುಟುಕುವ ಸಾಧನ ಇತ್ತು. ಆದ್ದರಿಂದ ಅಂಬಲಿಮೀನು ತೆರೆದ ಕಡಲಿಗಾಗಿ ಅದನ್ನು ಬೆಳೆಸಿತು ಎನ್ನುವಂತೆಯೇ ಇಲ್ಲ. ಅಂಬಲಿಮೀನಿನ ಕವಲಿಗೇ ಸೇರಿದ್ದೆಂದು ಹೇಳಬೇಕಾದರೆ ಈಜುವ ಕೊಡೆ, ಅದನ್ನು ಮುದುಡಿಸುವ ಸ್ನಾಯು, ಕೊಡೆಯ ಅಂಚಿನ ಸಂವೇದನಾಂಗಗಳು ಇವನ್ನು ಹೇಳಿ.

ಕೊಡೆಯ ಬಗ್ಗೆ ಎರಡು ಮಾತು, ಏಕೆಂದರೆ ಹೊಂದಾಣಿಕೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಕರಡಿಗೆ ಸಿಗದು. ಹೊರಗೊಂದು, ಒಳಗೊಂದು ತೆಳು ಜೀವಕೋಶಗಳ ಪದರ, ನಡುವೆ ದಪ್ಪನೆಯ ಲೋಳೆ. ಮೈಯ ಶೇಕಡಾ 95ಕ್ಕೂ ಹೆಚ್ಚು ನೀರು. ಸ್ನಾಯು ಮುದುಡಿಸಿದ ಕೊಡೆಯನ್ನು ಮತ್ತೆ ಅರಳಿಸಲು ಬೇರೆ ಸ್ನಾಯು ಇಲ್ಲ. ಅದುಮಿದ ಲೋಳೆ ತಾನೇ ಚಿಮ್ಮಿ ಮೊದಲಿನ ಆಕಾರಕ್ಕೆ ಬರುತ್ತದೆ. ಅರಳುವಾಗ ಕೊಡೆಯಡಿ ಉಂಟಾಗುವ ಸುಳಿ ಪ್ರಾಣಿಯನ್ನು ಇನ್ನೊಮ್ಮೆ ಮುಂದಕ್ಕೆ ತಳ್ಳುತ್ತದೆ. ಔರೇಲಿಯಾದಲ್ಲಿ ಒಂದು ಬಡಿತದಲ್ಲಿ ಸಾಗುವ ದೂರದ ಸುಮಾರು ಶೇಕಡಾ 30 ಭಾಗ ಹೀಗೆ ಪುಕ್ಕಟೆಯಾಗಿ ಸಿಗುತ್ತದೆಂದು 2013ರಲ್ಲಿ ಅಳೆದು ತೋರಿಸಲಾಯಿತು. ತೇಲುವುದಕ್ಕೂ ಲೋಳೆಯಲ್ಲೇ ಏರ್ಪಾಡಿದೆ: ಸುತ್ತಲಿನ ಕಡಲನೀರಿಗಿಂತ ಅದರಲ್ಲಿ ಭಾರವಾದ ಸಲ್ಫೇಟ್ ಕಡಿಮೆ, ಹಗುರವಾದ ಕ್ಲೋರೈಡ್ ಹೆಚ್ಚು. ಗಾಳಿಚೀಲವಿಲ್ಲದೆಯೇ ಮೈ ಹಗುರ.

ಪಾರದರ್ಶಕತೆಯನ್ನೂ ‘ಸಮುದ್ರದ ಪರಿಸರ’ ಎಂದು ಒಟ್ಟಾರೆ ಹೇಳಿ ಬಿಡಬೇಡಿ. ಬೆಳಕಿರುವ ಮೇಲಿನ ನೀರಿನಲ್ಲಿ ಅದು ಬೆಲೆಯುಳ್ಳದ್ದು. ಆಳದಲ್ಲಿ ಬದುಕುವ ಪೆರಿಫಿಲಾ ಕಡುಗೆಂಪು. ಕೆಂಪು ಬೆಳಕು ಅಷ್ಟು ಆಳಕ್ಕೆ ಇಳಿಯದ ಕಾರಣ ಅಲ್ಲಿ ಕೆಂಪು ಮೈ ಕಪ್ಪಾಗಿಯೇ ಕಾಣುತ್ತದೆ. ನುಂಗಿದ ಬೇಟೆ ಹೊಟ್ಟೆಯೊಳಗೆ ಮಿನುಗಿದರೂ ಆ ಬೆಳಕು ಹೊರಗೆ ತೋರದಂತೆ ಈ ಬಣ್ಣ ಮುಚ್ಚುತ್ತದೆ ಎಂಬುದು ತಜ್ಞರ ವಿವರಣೆ. ಒಂದೇ ಕಡಲು, ಎರಡು ಪರಿಸರ, ಎರಡು ಬಗೆಯ ಮೈ.

ಇನ್ನೊಂದು ಅಭಿಪ್ರಾಯ

ಮೇಲಿನ ಉತ್ತರದ ವಿಜ್ಞಾನವನ್ನು ಒಪ್ಪುತ್ತೇನೆ, ‘ಕೊಳ್ಳು’ ಬಗ್ಗೆ ಹೇಳಿದ್ದನ್ನು ಒಪ್ಪಲಾರೆ. ‘ಕೊಳ್ಳು’ ಇದ್ದಲ್ಲೆಲ್ಲ ಇಚ್ಛೆ ಇರುವುದಿಲ್ಲ. ‘ಬೆಂಕಿ ಹೊತ್ತಿಕೊಂಡಿತು’, ‘ಕಾಲಿಗೆ ಕೆಸರು ಅಂಟಿಕೊಂಡಿತು’, ‘ಬಾಗಿಲು ತೆರೆದುಕೊಂಡಿತು’. ಬೆಂಕಿಗಾಗಲಿ ಕೆಸರಿಗಾಗಲಿ ಉದ್ದೇಶವಿಲ್ಲ. ತಾನೇ ತಾನಾಗಿ ಆಯಿತು ಎಂಬುದೇ ಅಲ್ಲಿಯ ಅರ್ಥ. ‘ರೂಪುಗೊಂಡಿತು’ ಎಂಬಲ್ಲಿ ಇರುವುದೂ ಇದೇ ‘ಕೊಳ್ಳು’. ಅದನ್ನೂ ಬಿಟ್ಟರೆ ವಿಕಾಸವನ್ನು ಕನ್ನಡದಲ್ಲಿ ಬರೆಯುವುದೇ ಕಷ್ಟ.

ತೊಡಕಿರುವುದು ‘ಇಸು’ ಸೇರಿದ ಮೇಲೆ ‘ಕೊಳ್ಳು’ ಬಂದಾಗ. ಬೆಳೆಸಿಕೊಂಡಿತು, ರೂಪಿಸಿಕೊಂಡಿತು, ಅಳವಡಿಸಿಕೊಂಡಿತು, ಮಾರ್ಪಡಿಸಿಕೊಂಡಿತು. ಇಲ್ಲಿ ‘ಇಸು’ ಮಾಡಿಸುವ ಕರ್ತೃವನ್ನು ತರುತ್ತದೆ, ‘ಕೊಳ್ಳು’ ಅದರ ಲಾಭವನ್ನು ಅದೇ ಕರ್ತೃವಿಗೆ ಕೊಡುತ್ತದೆ. ಎರಡೂ ಕೂಡಿದಾಗ ಅಂಬಲಿಮೀನು ಕುಳಿತು ಯೋಚಿಸಿದಂತಾಗುತ್ತದೆ. ತಿದ್ದುವವರಿಗೆ ಸುಲಭದ ಪರೀಕ್ಷೆ: ‘ಇಸು’ ತೆಗೆದು ಓದಿ. ‘ಕುಟುಕುವ ಸಾಮರ್ಥ್ಯ ಬೆಳೆಯಿತು’, ‘ಕೊಡೆ ರೂಪುಗೊಂಡಿತು’, ‘ಮೈ ಮಾರ್ಪಟ್ಟಿತು’. ವಾಕ್ಯ ನಿಂತರೆ ಅದನ್ನೇ ಇಡಿ.

ಇದೇ ಕಾರಣಕ್ಕೆ ‘ಹೊಂದಿಕೊಂಡಿತು’ ವ್ಯಾಕರಣದಿಂದ ತಪ್ಪಲ್ಲ. ‘ಹೊಂದು’ ಇಲ್ಲಿ ಅಕರ್ಮಕ, ಬೀಗಕ್ಕೆ ಕೀಲಿ ಹೊಂದುವಂತೆ. ಅದು ಒಂದು ಜೀವಿಗೋ ವಂಶಕ್ಕೋ ಎಂಬುದು ಮಾತ್ರ ಅಸ್ಪಷ್ಟ. ಒಗ್ಗು ಮತ್ತು ಹೊಂದಾಣಿಕೆ ಎಂಬ ವಿಂಗಡಣೆ ಆ ಅಸ್ಪಷ್ಟತೆಯನ್ನು ಕಳೆಯುತ್ತದೆ, ಅದಕ್ಕೆ ನನ್ನ ಪೂರ್ಣ ಒಪ್ಪಿಗೆ. ‘ಮೈಗೂಡಿದ ಗುಣ’ ಎಂಬ ಸೊಗಸಾದ ಪದವನ್ನು ಹೊಂದಾಣಿಕೆಗೆ ಬಳಸಬಾರದೇ ಎಂದು ಯಾರಾದರೂ ಕೇಳಬಹುದು. ಬೇಡ. ಅಭ್ಯಾಸದಿಂದ ಬಂದದ್ದಕ್ಕೇ ಕನ್ನಡಿಗರು ‘ಮೈಗೂಡಿತು’ ಎನ್ನುವುದು, ಅದು ಮತ್ತೆ ಒಂದೇ ಜೀವಿಯ ಆಯುಸ್ಸಿಗೆ ಎಳೆದೊಯ್ಯುತ್ತದೆ.

‘ಆದಿಮ’, ‘ಬದಲಾಗದೆ’ ಎರಡನ್ನೂ ತೆಗೆಯಿರಿ. ಮನೆತನ ಹಳೆಯದೆಂದ ಮಾತ್ರಕ್ಕೆ ಮನೆಯಲ್ಲಿರುವವರು ಹಳಬರಾಗುವುದಿಲ್ಲ. ಕೆನಡಾದ ಬರ್ಜೆಸ್ ಶೇಲ್ ಬಂಡೆಗಳಿಂದ ಬಂದ, 2023ರಲ್ಲಿ ಹೆಸರು ಪಡೆದ ಬರ್ಜೆಸೊಮೆಡ್ಯೂಸಾ ಫ್ಯಾಸ್ಮಿಫಾರ್ಮಿಸ್ ಎಂಬ ಅಂಬಲಿಮೀನಿನ ಪಳೆಯುಳಿಕೆ ಸುಮಾರು 50.5 ಕೋಟಿ ವರ್ಷ ಹಳೆಯದು. ಕೊಡೆ 20 ಸೆಂಟಿಮೀಟರಿನವರೆಗೆ, ಅಂಚಿನಲ್ಲಿ 90ಕ್ಕೂ ಹೆಚ್ಚು ಕರಬಳ್ಳಿಗಳು (ಬೇಟೆ ಹಿಡಿಯುವ ಎಳೆಯಂಥ ಅಂಗಗಳು), ಒಟ್ಟು 182 ಮಾದರಿಗಳು. ಎಲುಬೂ ಚಿಪ್ಪೂ ಇಲ್ಲದ ಮೈ ನುಣ್ಣನೆಯ ಕೆಸರಿನಲ್ಲಿ ಬೇಗನೆ ಹೂತುಹೋದರಷ್ಟೇ ಅಚ್ಚು ಉಳಿಯುತ್ತದೆ, ಹಾಗಾಗಿ ಇಷ್ಟು ಸಿಕ್ಕಿರುವುದೇ ದೊಡ್ಡದು. ಈ ಪಳೆಯುಳಿಕೆ ವಂಶದ ಹಳಮೆಯನ್ನು ಹೇಳುತ್ತದೆ, ಇಂದಿನ ಪ್ರಭೇದಗಳ ವಯಸ್ಸನ್ನಲ್ಲ.

ಬದಲಾಗುತ್ತಲೇ ಇರುವುದಕ್ಕೆ ಸಾಕ್ಷಿ ಬೇಕಾದರೆ ಪೆಸಿಫಿಕ್ ಸಾಗರದ ಪಲಾವ್ ದ್ವೀಪಗಳ ಅಂಬಲಿಮೀನು ಕೆರೆ ಇದೆ. ಕೊನೆಯ ಹಿಮಯುಗ ಮುಗಿದು ಕಡಲಮಟ್ಟ ಏರಿದಾಗ ತಗ್ಗಿನಲ್ಲಿ ಉಪ್ಪುನೀರು ತುಂಬಿ ಆದ ಕೆರೆ, ವಯಸ್ಸು ಸುಮಾರು 12,000 ವರ್ಷ. ಅಲ್ಲಿ ಸಿಕ್ಕಿಬಿದ್ದ ಮಾಸ್ಟಿಜಿಯಾಸ್ ಅಂಬಲಿಮೀನುಗಳಿಗೆ ಹತ್ತಿರದ ಕಡಲಿನ ನೆಂಟರಲ್ಲಿ ಕಾಣುವ ಮೈಚುಕ್ಕೆಗಳೂ ಬಾಯಿತೋಳಿನ ತುದಿಯ ಗದೆಯಂಥ ಭಾಗವೂ ಬಹುಮಟ್ಟಿಗೆ ಇಲ್ಲವಾಗಿವೆ. ಮೈಯೊಳಗಿನ ಪಾಚಿಗೆ ಬಿಸಿಲು ಸಿಗುವಂತೆ ಅವು ದಿನವೂ ಸೂರ್ಯನನ್ನು ಹಿಂಬಾಲಿಸಿ ಕೆರೆಯುದ್ದಕ್ಕೂ ಈಜುತ್ತವೆ. ಭೂಮಿಯ ಲೆಕ್ಕದಲ್ಲಿ 12,000 ವರ್ಷ ಕಣ್ಣೆವೆಯಿಕ್ಕುವಷ್ಟು ಹೊತ್ತು.

‘ಆದಿಮ’ದ ಇನ್ನೊಂದು ದೋಷ, ಕೇಳಿದವರಿಗೆ ‘ಅರೆಬರೆಯಾಗಿ ಮುಗಿದದ್ದು’ ಎಂಬ ಭಾವ ಬರುತ್ತದೆ. ಮೇಲೆ ಹೇಳಿದ ಟ್ರೈಪೆಡಾಲಿಯಾಕ್ಕೆ ನಾಲ್ಕು ಸಂವೇದನಾಂಗಗಳಲ್ಲಿ ತಲಾ ಆರರಂತೆ 24 ಕಣ್ಣುಗಳು. ಪ್ರತಿ ಆರರಲ್ಲಿ ಎರಡಕ್ಕೆ ಮಸೂರವಿದೆ. ‘ಪ್ರಾಚೀನ ವಂಶದ, ಸರಳ ಮೈಕಟ್ಟಿನ’ ಎನ್ನಿ, ಸಾಕು.

ಸಂಖ್ಯೆಯನ್ನೂ ತಿದ್ದಿ. ‘ಮಿಲಿಯ’ ಬಿಟ್ಟು ಕೋಟಿಗೆ ತನ್ನಿ: 500 ಮಿಲಿಯ ಎಂದರೆ 50 ಕೋಟಿ. ಅವಸರದಲ್ಲಿ 5 ಕೋಟಿ ಎಂದೋ 500 ಕೋಟಿ ಎಂದೋ ಅಚ್ಚಾಗುವುದುಂಟು. 5 ಕೋಟಿ ಎಂದರೆ ಡೈನೊಸಾರುಗಳು ಅಳಿದ ಎಷ್ಟೋ ಕಾಲದ ಮೇಲೆ. 500 ಕೋಟಿ ಎಂದರೆ ಭೂಮಿಯೇ ಇರಲಿಲ್ಲ, ಅದರ ವಯಸ್ಸು ಸುಮಾರು 454 ಕೋಟಿ.

ಜೀವನಚಕ್ರದ ಪದಗಳ ಬಗ್ಗೆ

‘ಮೊಗ್ಗೊಡೆದು’ ಎಂಬುದನ್ನು ಯಾರೂ ಇನ್ನೂ ಮುಟ್ಟಿಲ್ಲ. ಅದರ ಸುತ್ತ ಹೇಳಬೇಕಾದದ್ದು ಬಹಳ ಇದೆ, ಏಕೆಂದರೆ ಕಡಲಿನಲ್ಲಿ ಈ ಪ್ರಾಣಿಗಳು ಇಷ್ಟು ಹರಡಿರುವುದರ ಗುಟ್ಟು ಅಲ್ಲೇ ಇದೆ.

ಔರೇಲಿಯಾವನ್ನೇ ತೆಗೆದುಕೊಳ್ಳಿ. ಮೊಟ್ಟೆ ಫಲಿತವಾಗಿ ಪ್ಲಾನುಲಾ ಆಗುತ್ತದೆ. ಮೈಮೇಲಿನ ನವಿರುಗಳಿಂದ ಈಜುವ, ಬಾಯಿಲ್ಲದ ಪುಟ್ಟ ಹುಳುವಿನಂಥದು. ಇದನ್ನು ‘ಮರಿ’ ಎನ್ನಬೇಡಿ. ಮರಿ ಎಂದರೆ ತಾಯಿಯ ಕಿರುರೂಪ ಎಂದೇ ಮಗು ತಿಳಿಯುತ್ತದೆ. ‘ಡಿಂಭ’ ಎಂಬ ಪದವಿದೆ, ‘ಲಾರ್ವ’ವೂ ಎಲ್ಲರಿಗೂ ಗೊತ್ತು. ಪ್ಲಾನುಲಾ ಗಟ್ಟಿಯಾದ ಮೇಲ್ಮೈ ಹುಡುಕಿ ಅಂಟಿ ಪಾಲಿಪ್ ಆಗುತ್ತದೆ. ಎತ್ತರ ಕೆಲವೇ ಮಿಲಿಮೀಟರ್. ಬಟ್ಟಲಿನಂಥ ಮೈ, ಮೇಲ್ತುದಿಯಲ್ಲಿ ಬಾಯಿ, ಬಾಯಿಯ ಸುತ್ತ ಕರಬಳ್ಳಿ. ಬೇಟೆ ಹಿಡಿದು ತಿನ್ನುವ ಪ್ರಾಣಿ ಅದು. ‘ಗಿಡದಂತೆ ಬೆಳೆದು’ ಎಂದರೆ ಬಿಸಿಲಿನಿಂದ ಆಹಾರ ಮಾಡುತ್ತದೆ ಎಂದು ಓದುಗ ತಪ್ಪು ತಿಳಿಯಬಹುದು. ‘ನೆಲೆನಿಂತು’ ಎಂದು ಬರೆಯಿರಿ.

ಈ ಪಾಲಿಪ್ ಎರಡು ಬೇರೆ ಕೆಲಸ ಮಾಡುತ್ತದೆ. ಪಕ್ಕದಲ್ಲಿ ಮೊಗ್ಗು ಮೂಡಿಸಿ ಇನ್ನೊಂದು ಪಾಲಿಪ್ ಕೊಡುತ್ತದೆ. ಇದು ಮೊಗ್ಗುವಿಕೆ, ಇಲ್ಲಿ ಆ ಪದ ಸರಿ. ಆದರೆ ಅಂಬಲಿಮೀನು ಮೊಗ್ಗಿನಿಂದ ಬರುವುದಿಲ್ಲ. ತಣ್ಣನೆಯ ದಿನಗಳು ಕಳೆಯುವ ಹೊತ್ತಿಗೆ ಪಾಲಿಪ್‌ನ ಮೈಯಲ್ಲಿ ಅಡ್ಡಡ್ಡ ಗೀರುಗಳು ಮೂಡಿ, ಆಳವಾಗಿ, ಬಿಲ್ಲೆಗಳನ್ನು ಒಂದರ ಮೇಲೊಂದು ಪೇರಿಸಿಟ್ಟಂತೆ ಕಾಣುತ್ತದೆ. ಮೇಲಿನ ಬಿಲ್ಲೆ ಮೊದಲು ಬಲಿತು, ಮಿಡಿದು, ಕಳಚಿ ಈಜಿಹೋಗುತ್ತದೆ; ನಂತರ ಅದರ ಕೆಳಗಿನದು. ಇದಕ್ಕೆ ‘ಬಿಲ್ಲೆಗಳಚುವಿಕೆ’ ಎಂದು ಸೂಚಿಸುತ್ತೇನೆ. ಉದ್ದವೆನಿಸಿದರೆ ಕ್ರಿಯಾಪದವಾಗಿ ‘ಬಿಲ್ಲೆ ಕಳಚುತ್ತದೆ’ ಎಂದರೂ ಆದೀತು. ಕಳಚಿದ ಬಿಲ್ಲೆ ಎಫೈರಾ, ಕೆಲವು ಮಿಲಿಮೀಟರ್ ಅಗಲ, ಎಂಟು ತೋಳಿನ ನಕ್ಷತ್ರದಂತೆ. ಅದನ್ನು ಬೇಕಾದರೆ ‘ಮರಿ’ ಎನ್ನಿ, ಏಕೆಂದರೆ ತೋಳುಗಳ ನಡುವಿನ ಜಾಗ ತುಂಬುತ್ತ ಅದೇ ಕೊಡೆಯಾಗುತ್ತದೆ. ಎಲ್ಲ ಬಿಲ್ಲೆ ಕಳಚಿದ ಮೇಲೂ ಬುಡ ಉಳಿದು ಮತ್ತೆ ಪಾಲಿಪ್ ಆಗುತ್ತದೆ. ಅಂಟಿ ಕುಳಿತ ಪಾಲಿಪ್‌ಗಳು ಒಂದೇ ಋತುವಿನಲ್ಲಿ ಒಟ್ಟಿಗೆ ಬಿಲ್ಲೆ ಕಳಚಿದಾಗ ಕಡಲಿನಲ್ಲಿ ಅಂಬಲಿಮೀನುಗಳು ದಿಢೀರನೆ ತುಂಬುತ್ತವೆ. ಇದಕ್ಕಿರುವ ಇಂಗ್ಲಿಷಿನ ‘ಬ್ಲೂಮ್’ ಪದವನ್ನು ‘ಅರಳಿಕೆ’, ‘ಹೂಬಿಡುವಿಕೆ’ ಎಂದು ಅನುವಾದಿಸಿದವರಿದ್ದಾರೆ; ದಯವಿಟ್ಟು ಬೇಡ. ‘ದಿಢೀರ್ ಹೆಚ್ಚಳ’ ಎಂದರೆ ವಿಷಯ ಮುಟ್ಟುತ್ತದೆ.

ಪದ ಆರಿಸುವಾಗ ಎಚ್ಚರ ಏಕೆಂದರೆ ಎಲ್ಲ ಅಂಬಲಿಮೀನಿಗೂ ಒಂದೇ ಕ್ರಿಯಾಪದ ಸಲ್ಲುವುದಿಲ್ಲ. ಹೈಡ್ರಾದ ಬಳಗದ ಅಂಬಲಿಮೀನುಗಳು ನಿಜವಾಗಿ ಮೊಗ್ಗಿನಿಂದಲೇ ಬರುತ್ತವೆ. ಪೆಟ್ಟಿಗೆಯಾಕಾರದವುಗಳಲ್ಲಿ ಸಾಮಾನ್ಯವಾಗಿ ಇಡೀ ಪಾಲಿಪ್ ಒಂದು ಅಂಬಲಿಮೀನಾಗಿ ಮಾರ್ಪಡುತ್ತದೆ. ತಲೆಕೆಳಗಾಗಿ ತಳದಲ್ಲಿ ಮಲಗಿರುವ ಕ್ಯಾಸಿಯೊಪಿಯಾದ ಪಾಲಿಪ್ ಒಂದು ಸಲಕ್ಕೆ ಒಂದೇ ಬಿಲ್ಲೆ ಕಳಚುತ್ತದೆ, ಅದೂ ಸಾಮಾನ್ಯವಾಗಿ ಪಾಚಿ ಮೈ ಸೇರಿದ ಮೇಲೆ. ಪೆಲಾಜಿಯಾ ನಾಕ್ಟಿಲ್ಯೂಕಾ ತೆರೆದ ಕಡಲಿನದು. ಅಂಟಲು ಬಂಡೆಯಿಲ್ಲದ ಆ ಜಾಗದಲ್ಲಿ ಪಾಲಿಪ್ ಹಂತವೇ ಇಲ್ಲ, ಡಿಂಭ ನೇರವಾಗಿ ಎಫೈರಾ ಆಗುತ್ತದೆ. ಸಿಹಿನೀರಿನ ಹೈಡ್ರಾ ಇದಕ್ಕೆ ಪ್ರತಿಯಾಗಿ ಕೊಡೆಯ ಹಂತವನ್ನೇ ಕಳೆದಿದೆ. ಮೊಗ್ಗು, ಕಳಚು, ಮಾರ್ಪಡು: ಮೂರು ಕ್ರಿಯೆ, ಮೂರು ಪದ. ಕರಡಿನಲ್ಲಿ ಔರೇಲಿಯಾದ ಹೆಸರು ಹೇಳಿ ಒಂದನ್ನು ಮಾತ್ರ ವಿವರಿಸಿದರೆ ಮಕ್ಕಳಿಗೆ ಸಾಕು.

ಹೆಸರುಗಳ ಗೊಂದಲ ಕನ್ನಡಕ್ಕೆ ಮಾತ್ರ ಬಂದದ್ದಲ್ಲ. 1829ರಲ್ಲಿ ನಾರ್ವೆಯ ಮೈಕೇಲ್ ಸಾರ್ಸ್ ಬಟ್ಟಲಿನಂಥ ಪಾಲಿಪ್‌ಗೆ ಸೈಫಿಸ್ಟೋಮಾ ಎಂದೂ ಬಿಲ್ಲೆಗಳ ಪೇರಿಕೆಗೆ ಸ್ಟ್ರೋಬೈಲಾ ಎಂದೂ ಬೇರೆ ಬೇರೆ ಪ್ರಾಣಿಗಳೆಂದೇ ಹೆಸರಿಟ್ಟರು. ಮುಂದೆ ಅವರೇ, ಇವೆಲ್ಲ ಒಂದೇ ಪ್ರಾಣಿಯ ಹಂತಗಳೆಂದು ತೋರಿಸಿಕೊಟ್ಟರು. ಪ್ರಾಣಿಗಳ ಹೆಸರುಗಳಾಗಿದ್ದವು ಹಂತಗಳ ಹೆಸರುಗಳಾಗಿ ಉಳಿದವು. ಮೆಡ್ಯೂಸಾ ಎಂಬುದೂ ಹಾಗೆಯೇ: 1758ರಲ್ಲಿ ಲಿನೇಯಸ್ ಅದನ್ನು ಕುಲದ ಹೆಸರಾಗಿ ಬಳಸಿದ್ದರು, ಈಗ ಅದು ಕೊಡೆಯ ಹಂತಕ್ಕೆ ಇರುವ ಹೆಸರು. ಕನ್ನಡದಲ್ಲಿ ‘ಕೊಡೆಹಂತ’, ‘ಪಾಲಿಪ್‌ಹಂತ’ ಎಂದರೆ ನೇರ. ‘ಪೀಳಿಗೆಗಳ ಪರ್ಯಾಯ’ ಎಂದು ಕೆಲವು ಪುಸ್ತಕಗಳು ಬರೆಯುತ್ತವೆ. ಜರೀಗಿಡಗಳಲ್ಲಿ ಒಂದು ಪೀಳಿಗೆಗೆ ವರ್ಣತಂತುಗಳ ಒಂದೇ ಸೆಟ್, ಇನ್ನೊಂದಕ್ಕೆ ಎರಡು ಸೆಟ್ ಇರುವಲ್ಲಿ ಆ ಮಾತು ಬೇಕು. ಅಂಬಲಿಮೀನಿನ ಎರಡೂ ಹಂತಗಳಲ್ಲಿ ವರ್ಣತಂತುಗಳು ಎರಡು ಸೆಟ್ಟೇ. ಆ ಪದ ತಂದರೆ ಇಲ್ಲದ ಹೋಲಿಕೆ ಬರುತ್ತದೆ.

‘ಕುಟುಕುಕಣ’ದ ಬಗ್ಗೆಯೂ ಹೇಳಲೇಬೇಕು. ‘ಕಣ’ ಈಗ ಭೌತವಿಜ್ಞಾನದ ಕಣವನ್ನೇ ನೆನಪಿಸುತ್ತದೆ. ‘ಜೀವಕಣ’ ಎಂಬ ಹಳೆಯ ರೂಢಿಯಿಂದ ಬಂದದ್ದು ಅದು. ಇಂದು ‘ಜೀವಕೋಶ’ ನಿಂತಿರುವುದರಿಂದ ‘ಕುಟುಕುಕೋಶ’ ಎಂದರೆ ತಿಳಿಯಾಗುತ್ತದೆ. ಕೋಶ ಬೇರೆ, ಅದರೊಳಗಿನ ಸಂಪುಟ ಬೇರೆ. ಸಂಪುಟದೊಳಗೆ ಟೊಳ್ಳು ನೂಲು ಸುರುಳಿ ಸುತ್ತಿ ಕುಳಿತಿರುತ್ತದೆ, ಒಳಗಿನ ಒತ್ತಡ ವಾತಾವರಣದ ಒತ್ತಡದ ಸುಮಾರು 150 ಪಟ್ಟು. ಕೋಶದ ಹೊರಗಿನ ಸೂಕ್ಷ್ಮ ರೋಮಕ್ಕೆ ಏನಾದರೂ ತಗಲಿದರೆ ಮುಚ್ಚಳ ತೆರೆದು ನೂಲು ಒಳಹೊರಗಾಗಿ ಚಿಮ್ಮುತ್ತದೆ. ಹೈಡ್ರಾದಲ್ಲಿ ಇದಕ್ಕೆ 700 ನ್ಯಾನೊಸೆಕೆಂಡ್ ಹಿಡಿಯುತ್ತದೆಂದು, ವೇಗವರ್ಧನೆ ಗುರುತ್ವದ 54 ಲಕ್ಷ ಪಟ್ಟಿನವರೆಗೂ ಹೋಗುತ್ತದೆಂದು 2006ರಲ್ಲಿ ಅಳೆಯಲಾಯಿತು. ಒಂದು ಸಂಪುಟ ಒಂದೇ ಸಲ ಬಳಕೆಗೆ. ಆಮೇಲೆ ಹೊಸ ಕೋಶವೇ ಬರಬೇಕು. ಚಿಮ್ಮಲು ಇಡೀ ಪ್ರಾಣಿಯ ಅಪ್ಪಣೆ ಬೇಕಿಲ್ಲ. ಸತ್ತ ಅಂಬಲಿಮೀನನ್ನಾಗಲಿ ಹರಿದುಬಿದ್ದ ಕರಬಳ್ಳಿಯನ್ನಾಗಲಿ ಬರಿಗೈಯಲ್ಲಿ ಮುಟ್ಟಬಾರದು ಎನ್ನುವುದು ಇದರಿಂದಲೇ. ‘ಕಚ್ಚಿತು’ ಎನ್ನುವುದಂತೂ ಸಲ್ಲದು, ಬಾಯಿಗೂ ಇದಕ್ಕೂ ಸಂಬಂಧವಿಲ್ಲ.

ಇನ್ನು ಹೆಸರು. ಅಂಬಲಿ ಹರಿಯುವಂಥದು, ಪಾತ್ರೆಯ ಆಕಾರವೇ ಅದರ ಆಕಾರ. ಲೋಳೆಸರದ ತಿರುಳಾದರೋ ತನ್ನ ಆಕಾರವನ್ನು ತಾನೇ ಹಿಡಿದಿಟ್ಟು, ಒತ್ತಿದರೆ ಮತ್ತೆ ಉಬ್ಬುತ್ತದೆ. ಅಂಬಲಿಮೀನಿನ ನಡುಪದರ ಈ ಎರಡನೆಯ ಬಗೆಯದು. ಹಾಗಾಗಿ ಅರ್ಥದ ದೃಷ್ಟಿಯಿಂದ ‘ಲೋಳೆಮೀನು’ ಮೇಲು. ಆದರೆ ‘ಅಂಬಲಿಮೀನು’ ಬಹಳ ಕಡೆ ನೆಲೆಯೂರಿದೆ, ಬದಲಿಸುವ ಗೋಜು ಬೇಡ. ‘ಮೀನು’ ಇರುವುದಕ್ಕೂ ಅಂಜಬೇಕಿಲ್ಲ, ನಕ್ಷತ್ರಮೀನೂ ಮೀನಲ್ಲ. ‘ಹೆಸರಿನಲ್ಲಿ ಮೀನು ಇದ್ದರೂ ಇದಕ್ಕೆ ಬೆನ್ನೆಲುಬಿಲ್ಲ, ಕಿವಿರಿಲ್ಲ’ ಎಂದು ಮೊದಲೇ ಒಂದು ಸಾಲು ಹಾಕಿ. ಒಳಪದರ, ಹೊರಪದರಗಳ ನಡುವಿನದಕ್ಕೆ ‘ನಡುಲೋಳೆ’ ಎಂದರೆ ಎರಡು ಹೆಸರೂ ಒಂದಕ್ಕೊಂದು ಇಂಬುಕೊಡುತ್ತವೆ.

ಲೋಳೆಯಂತಿರುವ ಎಲ್ಲವನ್ನೂ ಈ ಹೆಸರಿನಡಿ ಸೇರಿಸದಿರಿ. ಬಾಚಣಿಗೆ ಜೆಲ್ಲಿಗಳ ಮೈಮೇಲೆ ನವಿರುಗಳ ಎಂಟು ಸಾಲು, ಬೇಟೆಗೆ ಕುಟುಕುಕೋಶದ ಬದಲು ಅಂಟುಕೋಶ. ಅವು ಬೇರೆಯೇ ವಂಶ. ಪೀಪಾಯಿಯಾಕಾರದ ಪಾರದರ್ಶಕ ಕಡಲಜೀವಿಗಳಾದ ಸಾಲ್ಪ್‌ಗಳು ಅಂಬಲಿಮೀನಿಗಿಂತ ಬೆನ್ನೆಲುಬಿನ ಪ್ರಾಣಿಗಳಿಗೇ ಹತ್ತಿರ. ಫೈಸೇಲಿಯಾ ಕುಟುಕುಕೋಶದ ವಂಶದ್ದೇ, ಆದರೆ ಒಂದು ಕೊಡೆಯಲ್ಲ: ತೇಲುವ, ತಿನ್ನುವ, ಹಿಡಿಯುವ, ಸಂತಾನ ಕೊಡುವ ಘಟಕಗಳು ಕೂಡಿದ ಸಮೂಹಜೀವಿ.

‘ಅಮರ’ ಎಂದದ್ದು ಟುರಿಟಾಪ್ಸಿಸ್ ಡೋರ್ನಿಯೈ ಬಗ್ಗೆ ಇರಬೇಕು. ಗಾಯವಾದಾಗ, ಹಸಿದಾಗ, ಮುಪ್ಪಾದಾಗ ಅದರ ಕೊಡೆ ಮುದುರಿ ಗಂಟಾಗಿ, ತಳಕ್ಕಿಳಿದು ಮತ್ತೆ ಪಾಲಿಪ್ ಆಗಬಲ್ಲದು. ಆದರೆ ಬೇರೆ ಪ್ರಾಣಿ ತಿಂದರೆ, ರೋಗ ಬಂದರೆ ಸಾಯುತ್ತದೆ. ಅಮರ ಎಂದರೆ ಸಾವೇ ಇಲ್ಲದ್ದು. ಇದಕ್ಕೆ ನಮ್ಮಲ್ಲಿ ‘ಕಾಯಕಲ್ಪ’ ಎಂಬ ಪದವಿದೆ: ಹಳೆಯ ಮೈ ಮತ್ತೆ ಎಳೆಯದಾಗುವುದು. ಅದನ್ನು ಬಳಸಿ.

ಕೇಳಿದವರಿಂದ

ಎಲ್ಲರಿಗೂ ವಂದನೆ. ತಿದ್ದಿದ ರೂಪ ಇದು. ಕುಟುಕುಕೋಶದ ಭಾಗವನ್ನು ಬೇರೆ ಪ್ಯಾರಾಕ್ಕೆ ಸರಿಸಿದೆ.

> ಅಂಬಲಿಮೀನು ಎಂಬ ಹೆಸರಿನಲ್ಲಿ ಮೀನು ಇದ್ದರೂ ಇದಕ್ಕೆ ಬೆನ್ನೆಲುಬಿಲ್ಲ, ಕಿವಿರಿಲ್ಲ. ಇದರದು ಬಹಳ ಹಳೆಯ ವಂಶ. ಸುಮಾರು 50 ಕೋಟಿ ವರ್ಷ ಹಿಂದಿನ ಬಂಡೆಗಳಲ್ಲಿ ಪಳೆಯುಳಿಕೆಗಳು ಸಿಕ್ಕಿವೆ. ಇವುಗಳ ಪೂರ್ವಜರು ತಳಕ್ಕೆ ಅಂಟಿ ಬದುಕುವ ಪಾಲಿಪ್‌ಗಳಾಗಿದ್ದವು. ಮುಂದೆ ಈ ವಂಶದಲ್ಲಿ ಈಜುವ ಕೊಡೆಹಂತ ರೂಪುಗೊಂಡಿತು. ಬೆಳಕಿರುವ ನೀರಿನಲ್ಲಿ ಕಣ್ಣಿಗೆ ಬೀಳದ ಪಾರದರ್ಶಕ ಮೈ, ಕಡಿಮೆ ಶಕ್ತಿಯಲ್ಲಿ ಈಜಿಸುವ ಲೋಳೆ ಇವು ಆ ಪರಿಸರಕ್ಕೆ ವಂಶದಲ್ಲಿ ಬೆಳೆದುಬಂದ ಹೊಂದಾಣಿಕೆಗಳು. ಆಹಾರ ಸಿಗದ ದಿನಗಳಲ್ಲಿ ಔರೇಲಿಯಾದ ಮೈ ಕುಗ್ಗಿ ಆ ಕೊರತೆಗೆ ಒಗ್ಗುತ್ತದೆ. ಅದರ ಡಿಂಭ ತಳದಲ್ಲಿ ನೆಲೆನಿಂತು ಪಾಲಿಪ್ ಆಗುತ್ತದೆ. ಪಾಲಿಪ್ ಬಿಲ್ಲೆ ಕಳಚುತ್ತದೆ. ಬಿಲ್ಲೆ ಬೆಳೆದು ಅಂಬಲಿಮೀನಾಗುತ್ತದೆ.

ಕೊನೆಯ ತಿದ್ದುಪಡಿ

ಒಳ್ಳೆಯದಾಗಿದೆ. ನಾಲ್ಕನೆಯ ವಾಕ್ಯಕ್ಕೆ ಮಾತ್ರ ಎರಡು ತಿದ್ದು. ‘ಪೂರ್ವಜರು’ ಎಂದ ಮೇಲೆ ‘ಆಗಿದ್ದವು’ ಕೂಡುವುದಿಲ್ಲ. ‘ಪೂರ್ವಜ ಜೀವಿಗಳು’ ಎನ್ನಿ. ಎರಡನೆಯದು ಅದಕ್ಕಿಂತ ಮುಖ್ಯ. ಹವಳ, ಅನಿಮೊನಿಗಳ ಕವಲಿನಲ್ಲಿ ಕೊಡೆಹಂತವೇ ಇಲ್ಲ, ಆದ್ದರಿಂದ ಪಾಲಿಪ್ ಮೊದಲು, ಕೊಡೆ ಆಮೇಲೆ ಎಂಬ ಎಣಿಕೆಗೆ ಹೆಚ್ಚಿನ ಬೆಂಬಲವಿದೆ. ಆದರೆ ಹೈಡ್ರಾ ಕೊಡೆಯನ್ನು ಕಳೆದಂತೆ ಹವಳಗಳ ಕವಲೂ ಕಳೆದಿರಬಹುದು ಎಂಬ ವಾದ ಪೂರ್ತಿ ಬಿದ್ದುಹೋಗಿಲ್ಲ. ‘ಆಗಿದ್ದವು’ ಕಣ್ಣಾರೆ ಕಂಡವರ ಮಾತು. ‘ಆಗಿದ್ದಿರಬಹುದು’ ಎಂದರೆ ಬೆಂಬಲ ಇಷ್ಟಿದ್ದರೂ ಬರೀ ಊಹೆಯಂತೆ ಕೇಳಿಸುತ್ತದೆ. ಕುರುಹು ನೋಡಿ ತೀರ್ಮಾನಕ್ಕೆ ಬಂದದ್ದನ್ನು ಹೇಳಲು ‘ಇರಬೇಕು’ ಇದೆ: ‘ಇವುಗಳ ಪೂರ್ವಜ ಜೀವಿಗಳು ತಳಕ್ಕೆ ಅಂಟಿ ಬದುಕುವ ಪಾಲಿಪ್‌ಗಳಾಗಿದ್ದಿರಬೇಕು.’